ಪ್ರತಿಕ್ರಿಯೆ: ಹಳೆ ಆಲ್ಟೋ ಸ್ಯಾಕ್ಸೊಫೋನ್ ಮಾರೋದಾ, ಟೆನರ್ ಸೇರಿಸೋದಾ?

ಕಲಿಯೋರಿಗಾಗಿ ಮಾಡಿದ ಆಲ್ಟೋ ಸ್ಯಾಕ್ಸೊಫೋನ್ ಯಮಹಾ ವೈಎಎಸ್-280ರಲ್ಲಿ ಕರ್ನಾಟಕ ಸಂಗೀತ ಕಲಿತು ಈಗ ಮಂಗಳೂರು ಕಡೆ ಮದುವೆ, ದೇವಸ್ಥಾನಗಳಲ್ಲಿ ನುಡಿಸ್ತಿದ್ದೀರಿ. ಮಂದ್ರದ (ಕೆಳಗಿನ) ಸ್ವರಗಳು ಸರಿಯಾಗಿ ಬರ್ತಿಲ್ಲ, ಇದನ್ನು ಮಾರಿ ಅದೇ ಕಂಪನಿಯ ಮೇಲ್ದರ್ಜೆಯ ಆಲ್ಟೋ ವೈಎಎಸ್-62 ತಗೊಳ್ಳಲಾ, ಇಟ್ಕೊಂಡು ಇನ್ನೂ ದೊಡ್ಡದಾದ, ತಗ್ಗು ನಾದದ ಟೆನರ್ ಸ್ಯಾಕ್ಸೊಫೋನ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಮಾರಬೇಡಿ.

ಮೊದಲು ಪ್ಯಾಡ್, ಅಂದ್ರೆ ಕೊಳವೆಯ ತೂತುಗಳನ್ನು ಮುಚ್ಚೋ ಮೆತ್ತೆಗಳನ್ನ, ನೋಡಿ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ಎಳೆ ಇಳಿಸಿ ಒಂದೊಂದೇ ಕೀ ಮೆಲ್ಲಗೆ ಒತ್ತಿ. ಪ್ಯಾಡಿನ ಅಂಚಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಗಾಳಿ ಸೋರ್ತಿದೆ. ಸೋರಿಕೆ ಇದ್ದರೆ ಮೊದಲು ಕೈಕೊಡೋದು ಮಂದ್ರದ ತೀರಾ ಕೆಳಗಿನ ಸ್ವರಗಳಾದ ಸಿ, ಬಿ, ಬಿ ಫ್ಲ್ಯಾಟ್‌ಗಳೇ. ಕರಾವಳಿಯ ತೇವದಲ್ಲಿ ಜಿ ಶಾರ್ಪ್ ಪ್ಯಾಡ್ ಅಂಟಿಕೊಳ್ಳೋದೂ ಇದೆ. ರಿಪೇರಿಯಲ್ಲೇ ಮುಗಿಯೋ ಕೆಲಸಕ್ಕೆ ಹೊಸ ವಾದ್ಯ ಯಾಕೆ?

ಆಮೇಲೆ ಮೌತ್‌ಪೀಸ್, ಬಾಯಲ್ಲಿಟ್ಟು ಊದೋ ಭಾಗ. ವಾದ್ಯದ ಜೊತೆಗೆ ಬಂದ 4ಸಿ ಮೌತ್‌ಪೀಸ್ ಕಲಿಯೋಕೆ ಚೆನ್ನ. ಆದರೆ ಸ್ವರವನ್ನು ಬಾಗಿಸೋ ಗಮಕ ತುಟಿ, ದವಡೆಯಲ್ಲಿ ಹುಟ್ಟೋದು; ಅಲ್ಲಿ ವಾದ್ಯದ ಹಿತ್ತಾಳೆ ಮೈಗಿಂತ ಮೌತ್‌ಪೀಸ್ ಮತ್ತು ಅದಕ್ಕೆ ಕಟ್ಟೋ, ಕಂಪಿಸಿ ನಾದ ಕೊಡೋ ತೆಳು ಪಟ್ಟಿ ರೀಡ್‌ಗಳ ಪಾತ್ರವೇ ದೊಡ್ಡದು. ಎರಡು ಮೂರು ಬೇರೆ ಬೇರೆ ಹಾಕಿ, ತೋಡಿ ರಾಗದ ಗಾಂಧಾರ ಎಷ್ಟು ಸಲೀಸಾಗಿ ಬಾಗುತ್ತೆ ಕೇಳಿ ನೋಡಿ.

ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ 62 ತಗೊಳ್ಳಿ, 280 ಜೊತೆಗಿರಲಿ. ಮುಹೂರ್ತದ ಹೊತ್ತಿಗೆ ಸ್ಪ್ರಿಂಗ್ ಮುರಿದರೆ ಇನ್ನೊಂದು ಆಲ್ಟೋ ಬೇಕು, ಟೆನರ್ ಆಗ ನೆರವಿಗೆ ಬರಲ್ಲ: ಬೆರಳು ಅದೇ ಆದರೂ ನಾದ ಐದು ಅರ್ಧಸ್ವರ ಕೆಳಗೆ, ಶ್ರುತಿಯೇ ಬದಲು. ಮೆರವಣಿಗೆಯಲ್ಲಿ ಕುತ್ತಿಗೆಗೂ ಭಾರ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡಿದ್ದೂ ಆಲ್ಟೋವನ್ನೇ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳಿಗೂ ಹೋಗೋದಿದ್ದರೆ ತಿಳಿಸಿ, ಆಗ ಟೆನರ್ ವಿಷಯ ಬೇರೆ.