ಸೆರಗಿನ ಗೆರೆ ಕದಡಿದ್ದು ಎಲ್ಲಿ?

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ಬೆಂಗಳೂರಿನಲ್ಲಿರುವ ಮಗ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ದೀಪಾವಳಿಗೆ ಬಂದಾಗ ತಾನೇ ಫೋಟೊ ತೆಗೆದು, 4 ಎಂಬಿಯವನ್ನು ಹಾಗೇ ಹಾಕಿದ್ದ. ಪುಟ ತೆರೆಯುವಷ್ಟರಲ್ಲಿ ಚಹಾ ಆರುತ್ತಿತ್ತು. ಈಗ ಸೊಸೆ ಇಲ್ಲಿಂದ ಐಫೋನಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ, ಅವನು 50 ಕೆಬಿಗೆ ಇಳಿಸಿ ಹಾಕುತ್ತಾನೆ. ಪುಟ ಬೇಗ ತೆರೆಯುತ್ತದೆ. ಆದರೆ ಕೆಂಪು-ಬಿಳಿ ವಿನ್ಯಾಸದ ಟೋಪ್ ತೆನಿ ಸೆರಗಿನ ಬಿಳಿ ಗೆರೆ ಕದಡಿದಂತೆ, ಕೆಂಪು ದಡಿ ಕಪ್ಪು ಮೈಗೆ ಬಣ್ಣ ಬಿಟ್ಟಂತೆ ಕಾಣುತ್ತದೆ. ಒಬ್ಬರಂತೂ ‘ಬಣ್ಣ ಹೋಗೋ ಸೀರೆ ಏನ್ರೀ?’ ಅಂತಲೇ ಕೇಳಿದರು. ಎಷ್ಟು ಕೆಬಿ ಇಡಬೇಕು?

ಉತ್ತರ: ಅಕ್ಕಾರೇ, ಆ ಗಿರಾಕಿ ಕೇಳಿದ್ದರಲ್ಲಿ ತಪ್ಪಿಲ್ಲ. ಬಣ್ಣ ನಿಜವಾಗಿಯೂ ಹೋಗಿದೆ, ಸೀರೆಯದ್ದಲ್ಲ, ಫೋಟೊದ್ದು. ಕೆಬಿ ಲೆಕ್ಕ ಆಮೇಲೆ. ಮೊದಲು ಆ ಫೋಟೊ ಎಷ್ಟು ಸಲ ಹಿಂಡಿಸಿಕೊಂಡಿದೆ, ಅಂದರೆ ಫೈಲ್ ಚಿಕ್ಕದಾಗಲು ವಿವರ ಬಿಟ್ಟುಕೊಟ್ಟಿದೆ, ನೋಡಿ. ಫೋನಿನಲ್ಲಿ ಒಂದು ಸಲ, ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಸಲ, ಮಗ 50 ಕೆಬಿಗೆ ಇಳಿಸುವಾಗ ಮೂರನೆಯದು. ಕೊನೆಗೆ ವರ್ಡ್‌ಪ್ರೆಸ್ ತಾನೂ ಸಣ್ಣ ಪ್ರತಿಗಳನ್ನು ಮಾಡಿಕೊಳ್ಳುವಾಗ ನಾಲ್ಕನೆಯದು. ಪ್ರತಿ ಸಲವೂ ಒಂದಿಷ್ಟು ವಿವರ ಕಳೆಯುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ.

ನಿಮ್ಮ ಸೀರೆಗೇ ಯಾಕೆ ಇಷ್ಟು ಪೆಟ್ಟು? ನಮ್ಮ ಕಣ್ಣಿಗೆ ಬೆಳಕು-ನೆರಳಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಬಣ್ಣದ ವ್ಯತ್ಯಾಸ ಅಷ್ಟಾಗಿ ತಿಳಿಯದು. ಫೋಟೊಗಳನ್ನು ಹಿಂಡಿ ಇಡುವ ಜೆಪೆಗ್ ಎಂಬ ಫೈಲ್ ಬಗೆ ಇದನ್ನೇ ಬಳಸಿಕೊಳ್ಳುತ್ತದೆ. ಬೆಳಕನ್ನು ಪ್ರತಿ ಚುಕ್ಕಿಗೂ ಬರೆದಿಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಸಲ ಬರೆಯುತ್ತದೆ. ಮುಖ, ಮರ, ಗುಡ್ಡದ ಫೋಟೊದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಪ್ಪಿನ ಪಕ್ಕ ಕಡುಗೆಂಪು ದಡಿ ಬಂದರೆ? ಎರಡರಲ್ಲೂ ಬೆಳಕು ಕಡಿಮೆ, ಬೇರೆ ಮಾಡುವುದು ಬಣ್ಣ ಒಂದೇ. ಅದನ್ನೇ ನಾಲ್ಕು ಚುಕ್ಕಿಗೆ ಹಂಚಿದರೆ ಕೆಂಪು ಆಚೆ ಹರಿಯದೆ ಏನು ಮಾಡೀತು!

ನನಗೂ ಈ ಬುದ್ಧಿ ಪೆಟ್ಟು ತಿಂದ ಮೇಲೇ ಬಂದದ್ದು. ಸ್ಟುಡಿಯೋ ನಡೆಸುತ್ತಿದ್ದಾಗ ಅಮ್ಮನ ಹಳೆಯ ಬಣ್ಣದ ಫೋಟೊ ಒಂದನ್ನು ಸ್ಕ್ಯಾನ್ ಮಾಡಿದ್ದೆ. ಬಿಡುವಾದಾಗಲೆಲ್ಲ ತೆರೆದು, ತುಸು ತಿದ್ದಿ, ಅದೇ ಜೆಪೆಗ್ ಫೈಲಿನ ಮೇಲೇ ಸೇವ್ ಮಾಡುತ್ತಿದ್ದೆ. ಎರಡು ತಿಂಗಳಲ್ಲಿ ಅಮ್ಮನ ಕೆನ್ನೆಯ ಮೇಲೆ ಚೌಕಚೌಕ ಎದ್ದಿತ್ತು. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ಚೌಕ ಮಾಡಿಕೊಂಡೇ ಹಿಂಡುವುದು, ಆ ಗೆರೆಗಳೇ ಅವು. ಮೂಲ ಪ್ರಿಂಟ್ ಅಷ್ಟರಲ್ಲಿ ಗೆದ್ದಲಿನ ಪಾಲಾಗಿತ್ತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸೊಸೆಗೆ ಹೇಳಿ, ಫೋಟೊವನ್ನು ಫೋಟೊ ಅಂತ ಕಳಿಸದೆ ‘ಡಾಕ್ಯುಮೆಂಟ್’ ಅಂತ ಕಳಿಸಲಿ. ಆಗ ವಾಟ್ಸ್‌ಆ್ಯಪ್ ಅದನ್ನು ಮುಟ್ಟುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿದರೆ ಜೆಪೆಗ್ಗೇ ಸಿಗುತ್ತದೆ. ಇಲ್ಲದಿದ್ದರೆ ಎಚ್‌ಇಐಸಿ ಅನ್ನುವ ಬೇರೆ ಬಗೆಯ ಫೈಲ್ ಬಂದು ಮಗ ಮತ್ತೊಂದು ಸಲ ಬದಲಿಸುತ್ತಾ ಕೂರಬೇಕು.

ಇನ್ನು ಅಳತೆ. ಹೀಗೆ ಬಂದ ಐಫೋನ್ ಫೋಟೊ ಸುಮಾರು 4000 ಪಿಕ್ಸೆಲ್ (ನಾನು ಚುಕ್ಕಿ ಅಂದದ್ದು ಇದನ್ನೇ) ಉದ್ದ. ಮೊಬೈಲಿನಲ್ಲಿ ನೋಡುವವರಿಗೆ ಅಷ್ಟೆಲ್ಲ ಯಾಕೆ? ಇಡೀ ಸೀರೆಯ ಫೋಟೊಗೆ 1600, ಸೆರಗನ್ನು ಹತ್ತಿರದಿಂದ ತೆಗೆದದ್ದಕ್ಕೆ 2000 ಸಾಕು. ನಿಮ್ಮ ಮಗ ತಪ್ಪಿದ್ದು ಇಲ್ಲೇ ಅನಿಸುತ್ತದೆ. ಅಳತೆ ಹಾಗೇ ಬಿಟ್ಟು ಗುಣಮಟ್ಟವನ್ನು (ಸೇವ್ ಮಾಡುವಾಗ ಆರಿಸುವ ‘ಕ್ವಾಲಿಟಿ’ ಅಂಕಿ) ಕೆಳಗೆಳೆದರೆ ಕೆಬಿ ಇಳಿಯುತ್ತದೆ, ಸೀರೆಯೂ ಕೆಡುತ್ತದೆ. ಮೊದಲು ಅಳತೆ ಇಳಿಸಬೇಕು. ಗುಣಮಟ್ಟ 80ರಿಂದ 85ರ ನಡುವೆ ಇರಲಿ. ಆಗ ಎಷ್ಟು ಕೆಬಿ ಬರುತ್ತದೋ ಅದೇ ನಿಮ್ಮ ಲೆಕ್ಕ. ಅಂದಹಾಗೆ ಈ 80 ಅಂದರೆ ಶೇಕಡಾ 80 ಅಲ್ಲ, ಸುಮ್ನೆ ಒಂದು ಅಳತೆಪಟ್ಟಿ.

ಸ್ಕ್ವೂಶ್ ಅನ್ನುವ ಗೂಗಲ್‌ನವರ ಉಚಿತ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ. ಅದರಲ್ಲಿ ಮೋಜ್‌ಜೆಪೆಗ್ (ಜೆಪೆಗ್ ಮಾಡಿಕೊಡುವ ಆಯ್ಕೆ) ಆರಿಸಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಆಟೊ ಸಬ್‌ಸ್ಯಾಂಪಲ್ ಕ್ರೋಮಾ’ದ ಗುರುತು ತೆಗೆದು, ಕೆಳಗಿನ ಅಂಕಿಯನ್ನು 1 ಮಾಡಲಿ. ಆಗ ಬಣ್ಣವೂ ಪ್ರತಿ ಚುಕ್ಕಿಗೆ ಉಳಿಯುತ್ತದೆ. ಫೈಲ್ ತುಸು ಜಾಸ್ತಿ ದೊಡ್ಡದಾಗುತ್ತದೆ, ಆಗಲಿ ಬಿಡಿ. ಎಲ್ಲರೂ ವೆಬ್‌ಪಿ ಎಂಬ ಇನ್ನೊಂದು ಫೈಲ್ ಬಗೆ ಹಾಕಿ ಅನ್ನುತ್ತಾರೆ. ಬೇರೆ ಫೋಟೊಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ವಿವರ ಕಳೆಯುವಂತೆ ಹಿಂಡಿದ ವೆಬ್‌ಪಿ ಯಾವಾಗಲೂ ನಾಲ್ಕು ಚುಕ್ಕಿಗೆ ಒಂದು ಬಣ್ಣವೇ. ಹಾಗಾಗಿ ಕೆಂಪು ದಡಿಗೆ, ಸೆರಗಿಗೆ ಬೇಡ.

ವರ್ಡ್‌ಪ್ರೆಸ್ ತನ್ನ ಜೆಪೆಗ್ ಪ್ರತಿಗಳನ್ನು ಸಾಮಾನ್ಯವಾಗಿ 82ರ ಗುಣಮಟ್ಟದಲ್ಲಿ ಮಾಡಿಕೊಳ್ಳುತ್ತದೆ. ನೀವು ಹಾಕಿದ ಮೂಲ 2560 ಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಮಾತ್ರ ಅದನ್ನೂ ತಾನಾಗಿ ಕುಗ್ಗಿಸುತ್ತದೆ. ನಿಮ್ಮದು 2000 ಆದ್ದರಿಂದ, ಸೆರಗಿನ ಚಿತ್ರಕ್ಕೆ ‘ಫುಲ್ ಸೈಜ್’ ಆರಿಸಿದರೆ ನೀವು ಹಾಕಿದ್ದೇ ಸಿಗುವ ಅವಕಾಶ ಹೆಚ್ಚು, ಆದರೂ ಸಣ್ಣ ಪರದೆಯಲ್ಲಿ ಬ್ರೌಸರ್ ಸಣ್ಣ ಪ್ರತಿಯನ್ನೇ ಆರಿಸಿಕೊಳ್ಳಬಹುದು. ಬಣ್ಣ ಒಟ್ಟಾರೆ ಪೇಲವ ಅನಿಸಿದರೆ ಎಸ್‌ಆರ್‌ಜಿಬಿಗೆ (ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯಾಪ್ತಿ) ಬದಲಿಸಿ ಸೇವ್ ಮಾಡಲಿ. ಐಫೋನಿನ ಬಣ್ಣದ ವ್ಯಾಪ್ತಿ ಅದಕ್ಕಿಂತ ದೊಡ್ಡದು, ಯಾವ ವ್ಯಾಪ್ತಿ ಅಂತ ಫೈಲಿನಲ್ಲಿ ಬರೆದಿರುವ ಗುರುತು ಕಳಚಿದರೆ ಕೆಂಪೇ ಮೊದಲು ಸಪ್ಪೆಯಾಗುವುದು.

ಈಗಾಗಲೇ ಕದಡಿದ ಫೋಟೊಗಳನ್ನು ತಿದ್ದಲು ಕೂರಬೇಡಿ. ಸೊಸೆಯ ಫೋನಿನಲ್ಲಿ ಮೂಲ ಇನ್ನೂ ಇದ್ದೀತು, ಅಳಿಸುವ ಮುಂಚೆ ಕೇಳಿ.

ಪ್ರಶ್ನೆ: ಕೆಲಸದ ಅರ್ಜಿಗೆ ಫೋಟೊ 20ರಿಂದ 50 ಕೆಬಿ ಇರಬೇಕಂತೆ. ಇಳಿಸಿದರೆ ಮುಖ ಮಸುಕು. — ವಿದ್ಯಾರ್ಥಿ, ಹಾವೇರಿ

ಉತ್ತರ: ತಮ್ಮಾ, ನಿನ್ನದೂ ಅದೇ ಕಥೆ. ಅರ್ಜಿಯಲ್ಲಿ 200×230 ಅಂತಲೋ ಇನ್ನೇನೋ ಅಳತೆ ಕೊಟ್ಟಿರುತ್ತಾರೆ, ಅಲ್ವಾ? ಮುಖ, ಭುಜ ಉಳಿಸಿಕೊಂಡು ಕತ್ತರಿಸಿ ಮೊದಲು ಆ ಅಳತೆಗೆ ತಾ. ಅಷ್ಟು ಚಿಕ್ಕದಕ್ಕೆ 90ರ ಗುಣಮಟ್ಟ ಕೊಟ್ಟರೂ 50 ದಾಟುವುದು ಕಷ್ಟ. ಹಿಂದೆ ಹೂಬಳ್ಳಿಯ ಪರದೆ ಬೇಡ, ಬಿಳಿ ಗೋಡೆ ಇರಲಿ. ಒಂದೇ ಬಣ್ಣದ ಜಾಗ ಕೆಬಿಯನ್ನು ಹೆಚ್ಚು ತಿನ್ನುವುದಿಲ್ಲ, ಉಳಿದದ್ದು ನಿನ್ನ ಮುಖಕ್ಕೆ ಸಿಗುತ್ತದೆ.