ಆಪ್ತಸಲಹೆ ಪ್ರಕರಣ: ದೇವರಿಲ್ಲ ಅಂದಮೇಲೆ ತಪ್ಪು ಎಲ್ಲಿಂದ ಬಂತು?

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಬಂದವರಿಗೆ 30ರ ಆಸುಪಾಸು, ಲೆಕ್ಕಪತ್ರದ ಕೆಲಸ. ದೇವರ ಮೇಲಿನ ನಂಬಿಕೆ ಕಳಚಿ ಒಂದೂವರೆ ವರ್ಷವಾಗಿತ್ತು. ಅದಕ್ಕೆ ದುಃಖವಿರಲಿಲ್ಲ, ಅದರ ಹಿಂದೆಯೇ ಸರಿ-ತಪ್ಪೂ ಹೋಯಿತೇನೋ ಎಂಬ ದಿಗಿಲಿತ್ತು. "ಆಜ್ಞೆ ಮಾಡಿದವನೇ ಇಲ್ಲ ಅಂದ್ಮೇಲೆ ಕಳ್ಳತನ ತಪ್ಪು ಅನ್ನೋದು ಬರೀ ನನ್ನ ಅಭಿರುಚಿ ತಾನೇ, ಮೇಡಂ?"

ಮೊದಲು ವಿಚಾರಿಸಿದ್ದು ನಿದ್ದೆ, ಹಸಿವು, ಆಸಕ್ತಿ. ಎರಡು ವಾರ ಮೀರಿ ಇವು ಕುಸಿದಿದ್ದರೆ ಚರ್ಚೆ ಪಕ್ಕಕ್ಕಿಟ್ಟು ಮನೋವೈದ್ಯರ ಬಳಿ ಕಳಿಸಬೇಕು. ಇವರದು ಹಾಗಿರಲಿಲ್ಲ.

ಮಾತಿನ ನಡುವೆ ಒಂದು ಸಂಗತಿ ಹೊರಬಿತ್ತು. ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದಿತ್ತು; ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟಿದ್ದರು. ಆಗ ತಲೆಯಲ್ಲಿ ಏನಿತ್ತು? "ಗಲ್ಲಾದಲ್ಲಿದ್ದ ಹುಡುಗ ಸಂಜೆ ಲೆಕ್ಕ ಒಪ್ಪಿಸುವಾಗ ಕೈಯಿಂದ ಕಟ್ಬೇಕಾಗುತ್ತಲ್ಲ ಅಂತ." ಆ ಮಾತನ್ನು ಹಾಳೆಯಲ್ಲಿ ಬರೆದು ಮುಂದಿಟ್ಟೆವು. ಈ ಕಾರಣ ನಿಲ್ಲಲು ಯಾರ ಆಜ್ಞೆ ಬೇಕು? ಹುಡುಗನ ಜೇಬಿಗೆ ಬೀಳುವ ಹೊರೆ ನಿಮ್ಮ ಅಭಿರುಚಿಯೇ?

ಪ್ರಶ್ನೆ ಹಳೆಯದು. ದೇವತೆಗಳು ಮೆಚ್ಚುವುದರಿಂದ ಅದು ಪವಿತ್ರವೋ, ಪವಿತ್ರವಾದ್ದರಿಂದ ಮೆಚ್ಚುತ್ತಾರೋ ಎಂದು ಪ್ಲೇಟೋನ ಸಾಕ್ರಟೀಸ್ ಕೇಳುತ್ತಾನೆ. ಮನೋವಿಜ್ಞಾನಿ ಲ್ಯಾರಿ ನೂಚಿ ಇದನ್ನೇ ಸಂಪ್ರದಾಯಸ್ಥ ಕ್ರೈಸ್ತ, ಯಹೂದಿ ಮಕ್ಕಳ ಮುಂದಿಟ್ಟರು: ದೇವರು ಆ ನಿಯಮ ಮಾಡಿರದಿದ್ದರೆ? ಕಳ್ಳತನ ಆಗಲೂ ತಪ್ಪೇ ಎಂದರು ಬಹುಪಾಲು ಮಕ್ಕಳು. ಆರಾಧನೆಯ ದಿನ ದುಡಿಯಬಾರದೆಂಬ ನಿಯಮಕ್ಕೆ ಹಾಗೆನ್ನಲಿಲ್ಲ.

ಇದರಿಂದ ಸರಿ-ತಪ್ಪಿನ ವಸ್ತುನಿಷ್ಠತೆ, ಅಂದರೆ ಅದು ಯಾರ ಅನಿಸಿಕೆಯನ್ನೂ ಅವಲಂಬಿಸಿಲ್ಲವೆಂಬುದು, ಸಾಬೀತಾಯಿತು ಎನ್ನಬಾರದು. ತತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ 1977ರಲ್ಲಿ ವಸ್ತುನಿಷ್ಠ ಮೌಲ್ಯಗಳೇ ಇಲ್ಲವೆಂದು ವಾದಿಸಿದರು, ಗಟ್ಟಿಯಾಗಿಯೇ. ಆದರೆ 2020ರ ತತ್ವಶಾಸ್ತ್ರಜ್ಞರ ಸಮೀಕ್ಷೆಯಲ್ಲಿ ಸುಮಾರು 67% ಮಂದಿ ನಿರೀಶ್ವರವಾದದತ್ತ ವಾಲಿದರೂ, ಸುಮಾರು 62% ಮಂದಿ ನೈತಿಕ ವಾಸ್ತವವಾದದ (ಸರಿ-ತಪ್ಪು ಬರೀ ಅನಿಸಿಕೆಯಲ್ಲ, ನಿಜಕ್ಕೂ ಇದೆ ಎಂಬ ನಿಲುವಿನ) ಪರವಿದ್ದರು. ಒಂದು ಬಿದ್ದರೆ ಇನ್ನೊಂದೂ ಬೀಳಲೇಬೇಕೆಂಬುದಿಲ್ಲ ಎಂಬುದಷ್ಟೇ ಇವರಿಗೆ ಬೇಕಿದ್ದದ್ದು.

ನಿಜಕ್ಕೂ ಕಳೆದುಹೋಗಿದ್ದು ಬೇರೆ: ತಪ್ಪೊಪ್ಪಿಕೊಳ್ಳುವ ಜಾಗ, ಜೊತೆಗಿದ್ದ ಜನ, ಸರಿಯಾದದ್ದನ್ನು ಮಾಡಲು ಒತ್ತಾಸೆ. 'ಯಾಕೆ ತಪ್ಪು' ಮತ್ತು 'ನಾನ್ಯಾಕೆ ಪಾಲಿಸಲಿ' ಇವರಲ್ಲಿ ಕಲಸಿಹೋಗಿದ್ದವು.

ಕೊಟ್ಟ ಸಲಹೆ: ಎರಡು ವಾರ, ದಿನಕ್ಕೆ 10 ನಿಮಿಷ, ಒಂದು ನೋಟ್‌ಬುಕ್. 'ತಪ್ಪು' ಅನಿಸಿದ್ದೊಂದನ್ನು ಬರೆದು ಮೂರು ಖಾನೆ ತುಂಬಬೇಕು: ಯಾರಿಗೆ ಏನಾಗುತ್ತದೆ, ಅವರ ಜಾಗದಲ್ಲಿ ನಾನಿದ್ದರೆ ಒಪ್ಪುತ್ತಿದ್ದೆನೇ, ಸರಿಪಡಿಸಲು ಏನು ಮಾಡಬಹುದು. ಮೂರನೆಯದನ್ನು ಬಿಟ್ಟರೆ ನೋಟ್‌ಬುಕ್ ಆತ್ಮವಿಚಾರಣೆಯ ಕಟಕಟೆಯಾಗುತ್ತದೆ. ಒಂದೇ ತಪ್ಪು ದಿನವೂ ಮರಳಿ ಬರುತ್ತಿದ್ದರೆ ನಿಲ್ಲಿಸಬೇಕು, ಗೀಳಿನ ಲಕ್ಷಣವಿದೆಯೇ ನೋಡಬೇಕು. ಇನ್ನೊಂದು ಎಡವಟ್ಟು ಸಲಹೆಗಾರರದ್ದೇ: ನಂಬಿಕೆಗೆ ಮರಳಿಸಲೋ ದೂರ ಮಾಡಲೋ ಹೊರಡುವುದು.

ಎರಡು ವಾರದ ಮೇಲೆ 11 ಸಾಲು ತಂದರು. ಮೂರರಲ್ಲಿ 'ಯಾರಿಗೆ' ಖಾನೆ ಖಾಲಿ, ಮೂರೂ ಹಳೆಯ ಆಚರಣೆಯ ನಿಯಮಗಳು. ಅವುಗಳಲ್ಲಿ ಎರಡನ್ನು ಬಿಟ್ಟರು. ಮುಂದಿನ ಭೇಟಿಯಲ್ಲಿ ಉಳಿದ ಮೂರನೆಯ ನಿಯಮದ 'ಯಾರಿಗೆ' ಖಾನೆಯಲ್ಲಿ ಪೆನ್ಸಿಲ್‌ನಲ್ಲಿ 'ಅಮ್ಮ' ಎಂದಿತ್ತು.