ಸಿ.ಟಿ. ನಾರ್ಮಲ್ ಎಂದ ಮೇಲೂ ಲಕ್ವ ಎಂದರೇಕೆ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಕಳೆದ ತಿಂಗಳು ಬೆಳಗಿನ ತಿಂಡಿಗೆ ಕುಳಿತಿದ್ದಾಗ ಅವರ ಬಲಗೈಯಿಂದ ಚಹಾದ ಲೋಟ ಜಾರಿತು. ಏನಾಯಿತೆಂದು ಕೇಳಿದರೆ ಮಾತು ಹೊರಡಲಿಲ್ಲ. ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದೆವು. ತಲೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ದೋಷವೇನೂ ಇಲ್ಲ ಎಂದವರೇ ತಕ್ಷಣ ದುಬಾರಿ ಇಂಜೆಕ್ಷನ್ ಕೊಟ್ಟರು, ಮರುದಿನ ಎಂ.ಆರ್.ಐ. ಬೇರೆ ಮಾಡಿಸಿದರು. ಎಡ ಮಿದುಳಿನ ಕಲೆ ಕಂಡದ್ದು ಅದರಲ್ಲಿ. ಮೊದಲೇ ಎಂ.ಆರ್.ಐ. ಮಾಡಬಾರದಿತ್ತೇ? ನಮ್ಮನ್ನು ಸುಲಿದರೇ?
– ಓದುಗರು, ಡೊಂಬಿವಲಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಸುಲಿಗೆಯ ಮಾತೇ ಇಲ್ಲ, ಆ ವೈದ್ಯರು ಸರಿಯಾದ ಕ್ರಮದಲ್ಲಿಯೇ ನಡೆದಿದ್ದಾರೆ. ಮೊದಲ ಸಿ.ಟಿ. ತೆಗೆಯುವುದು ಲಕ್ವವನ್ನು ನೋಡಲಿಕ್ಕಲ್ಲ, ರಕ್ತ ಇಲ್ಲವೆಂದು ನೋಡಲಿಕ್ಕೆ. ಲಕ್ವದಲ್ಲಿ ಎರಡು ಬಗೆ. ಹೆಪ್ಪುಗಟ್ಟಿದ ರಕ್ತ ನಾಳವನ್ನು ಮುಚ್ಚಿ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಲ್ಲುವುದು ಒಂದು, ನಾಳವೇ ಒಡೆದು ಮಿದುಳೊಳಗೆ ರಕ್ತ ಸುರಿಯುವುದು ಇನ್ನೊಂದು. ಬಹುಪಾಲು ರೋಗಿಗಳದು ಮೊದಲ ಬಗೆಯೇ. ಆದರೆ ಹೊರಗಿನಿಂದ ಎರಡೂ ಒಂದೇ: ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ, ಅದೇ ತೊದಲು. ಮೂವತ್ತು ವರ್ಷ ರೋಗಿಗಳನ್ನು ನೋಡಿದ ವೈದ್ಯರಿಗೂ ಬರಿಗಣ್ಣಿನಿಂದ ಇದನ್ನು ಖಚಿತವಾಗಿ ಬೇರ್ಪಡಿಸಲಾಗದು.

ಸಿ.ಟಿ.ಯಲ್ಲಿ ಹೊಸ ರಕ್ತ ಆಗಿಂದಾಗಲೇ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತ ಸಿಗದೆ ಸೊರಗುತ್ತಿರುವ ಭಾಗವಾದರೋ ನಿಧಾನವಾಗಿ ನೀರು ತುಂಬಿಕೊಂಡು ಕಪ್ಪಾಗಲು ಹಲವು ಗಂಟೆ ಹಿಡಿಯುತ್ತದೆ. ಹಾಗಾಗಿ ಬಲಗೈ ಬಿದ್ದು ಮಾತು ನಿಂತ ರೋಗಿಯ ಸಿ.ಟಿ. ಮೊದಲ ಒಂದೆರಡು ಗಂಟೆಯಲ್ಲಿ ಶುಭ್ರವಾಗಿದ್ದರೆ, ರಕ್ತದ ಸಕ್ಕರೆ ಕುಸಿದಿಲ್ಲವೆಂದು ಬೆರಳು ಚುಚ್ಚಿ ನೋಡಿದ ಮೇಲೆ, ಎಡ ಮಿದುಳಿನ ನಾಳ ಮುಚ್ಚಿದೆಯೆಂದು ತೀರ್ಮಾನಿಸುವುದು ನ್ಯಾಯವೇ. ನೀವು ನಿರಾಶೆಯಿಂದ ಓದಿದ ಆ 'ನಾರ್ಮಲ್' ಎಂಬ ಪದವೇ ಇಂಜೆಕ್ಷನ್‌ಗೆ ಬಾಗಿಲು ತೆರೆದದ್ದು.

ಹೆಪ್ಪು ಕರಗಿಸುವ ಆ ಮದ್ದನ್ನು, ಆಲ್ಟೆಪ್ಲೇಸ್ ಆಗಲಿ ಟೆನೆಕ್ಟೆಪ್ಲೇಸ್ ಆಗಲಿ, ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಆ ಅವಧಿಯೊಳಗೂ ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಅಪಾಯವೂ ಉಂಟು: 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಿಸಿ ಕೊಟ್ಟಾಗಲೂ 100ರಲ್ಲಿ ಸುಮಾರು 6 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತು, ಆದರೂ ಮೂರು ತಿಂಗಳ ನಂತರ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡವರು ಮದ್ದು ಪಡೆದವರಲ್ಲೇ ಹೆಚ್ಚು. ಇನ್ನು ನಾಳ ಒಡೆದ ರೋಗಿಗೆ ಇದನ್ನು ಚುಚ್ಚಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಎಂ.ಆರ್.ಐ.ಯ ಡಿಫ್ಯೂಷನ್ ಚಿತ್ರ ಮುಚ್ಚಿದ ನಾಳದ ಪರಿಣಾಮವನ್ನು ನಿಮಿಷಗಳಲ್ಲೇ ತೋರಿಸಬಲ್ಲದು, ನಿಜ. ಆದರೆ ತಲೆಯ ಸಿ.ಟಿ. ಕೆಲವೇ ನಿಮಿಷದ ಕೆಲಸ; ಎಂ.ಆರ್.ಐ.ಗೆ ಹೊತ್ತು ಬೇಕು, ರೋಗಿ ಅಲುಗಾಡಬಾರದು, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತೊಡಕು, ನಮ್ಮ ಉಪನಗರಗಳ ಎಷ್ಟೋ ಆಸ್ಪತ್ರೆಗಳಲ್ಲಿ ರಾತ್ರಿ ಅದನ್ನು ನಡೆಸುವವರೂ ಇರುವುದಿಲ್ಲ. ಮರುದಿನದ ಸ್ಕ್ಯಾನ್ ಕೂಡ ವ್ಯರ್ಥವಲ್ಲ. ಇಂಜೆಕ್ಷನ್ ಕೊಟ್ಟು 24 ಗಂಟೆ ಕಳೆದ ಮೇಲೆ ಮತ್ತೆ ಚಿತ್ರ ತೆಗೆದು, ಎಲ್ಲೂ ರಕ್ತ ಒಸರಿಲ್ಲವೆಂದು ಕಂಡ ನಂತರವೇ ಆಸ್ಪಿರಿನ್ ಆರಂಭಿಸುವುದು ರೂಢಿ.

ದೊಡ್ಡ ನಾಳವೇ ಮುಚ್ಚಿದ್ದರೆ ಇಂಜೆಕ್ಷನ್ ಒಂದರಿಂದ ಸಾಲದು. ಬಣ್ಣದ ಮದ್ದು ಹರಿಸಿ ತೆಗೆಯುವ ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ಅದು ಕಂಡರೆ, ತೊಡೆಯ ನಾಳದಿಂದ ತೆಳ್ಳನೆಯ ಕೊಳವೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. ಆಯ್ದ ರೋಗಿಗಳಲ್ಲಿ ಇದನ್ನು 24 ಗಂಟೆಯವರೆಗೂ ಮಾಡಬಹುದು.

ಪ್ರಶ್ನೆ: ಎದೆನೋವಿಗೆ ಆಸ್ಪಿರಿನ್ ಅಗಿಯಲು ಕೊಡುವಂತೆ ಲಕ್ವ ಹೊಡೆದ ಕೂಡಲೇ ಕೊಡಬೇಕೆಂದು ವಾಟ್ಸ್ಯಾಪ್‌ನಲ್ಲಿ ಬಂದಿದೆ. ಮನೆಯಲ್ಲಿ ಇಟ್ಟುಕೊಳ್ಳಲೇ?
– ಓದುಗರು, ವಾಸ್ಕೋ, ಗೋವಾ

ಉತ್ತರ: ಇಟ್ಟುಕೊಂಡರೂ ಲಕ್ವಕ್ಕೆ ಕೊಡಬೇಡಿ. ಯಾವ ಬಗೆಯೆಂದು ಚಿತ್ರ ಹೇಳುವ ಮೊದಲು ಆಸ್ಪಿರಿನ್ ಕೊಡುವುದು ಕಣ್ಣು ಕಟ್ಟಿಕೊಂಡು ಹೆಜ್ಜೆ ಇಟ್ಟಂತೆ. ಬಿ.ಪಿ. ಮಾತ್ರೆಯೂ ಬೇಡ, ಗುಟುಕು ನೀರೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಾರಿವಾಳದ ರಕ್ತ ತಿಕ್ಕುವ ಹಳೆಯ ನಂಬಿಕೆಯನ್ನು ಊರಿನಿಂದ ಇಲ್ಲಿಯವರೆಗೂ ಹೊತ್ತು ತಂದವರಿದ್ದಾರೆ. ಅದರಿಂದಾಗುವ ದೊಡ್ಡ ನಷ್ಟ ಸಮಯದ್ದು. 108ಕ್ಕೆ ಕರೆ ಮಾಡಿ, ಹೊರಡುವ ಮೊದಲೇ ಆ ಆಸ್ಪತ್ರೆಯಲ್ಲಿ ಈ ಹೊತ್ತಿನಲ್ಲಿ ಸಿ.ಟಿ. ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದರ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೋಗಿ, ಏಕೆಂದರೆ ಚಿತ್ರದಲ್ಲಿ ರಕ್ತ ಕಂಡರೆ ಮೊದಲು ಆ ಮಾತ್ರೆಯ ಪರಿಣಾಮವನ್ನು ಅಳಿಸಬೇಕಾಗುತ್ತದೆ.

ಪ್ರಶ್ನೆ: ನಿದ್ದೆಯಿಂದ ಏಳುವಾಗಲೇ ಕೈಕಾಲು ಬಿದ್ದಿದ್ದರೆ ಗಂಟೆ ಲೆಕ್ಕ ಹಾಕುವುದು ಹೇಗೆ?
– ಓದುಗರು, ಪುಣೆ

ಉತ್ತರ: ಕಣ್ಣು ಬಿಟ್ಟ ಹೊತ್ತಿನಿಂದಲ್ಲ, ಕೊನೆಯ ಬಾರಿ ಅವರು ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಇಂಥವರಿಗೆ ಎಂ.ಆರ್.ಐ. ನಿಜಕ್ಕೂ ನೆರವಾಗುತ್ತದೆ: ಡಿಫ್ಯೂಷನ್ ಚಿತ್ರದಲ್ಲಿ ಕಂಡ ಕಲೆ ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಇನ್ನೂ ಮೂಡಿಲ್ಲವೆಂದರೆ ಪೆಟ್ಟು ಹೊಸದು, ಬಹುಶಃ 4.5 ಗಂಟೆಯೊಳಗಿನದು. ಹೀಗೆ ಆರಿಸಿದ ರೋಗಿಗಳಿಗೆ ಇಂಜೆಕ್ಷನ್ ಫಲ ಕೊಡುತ್ತದೆಂದು 2018ರ ಯುರೋಪಿನ ಅಧ್ಯಯನವೊಂದು ತೋರಿಸಿತು. ಆದರೂ ಮನೆಯವರೆಲ್ಲರನ್ನೂ ವಿಚಾರಿಸಿ. ಮುಂಬಯಿಯಲ್ಲಿ ಗಂಡ ಯಾವ ಲೋಕಲ್ ಹಿಡಿದರೆಂಬುದರ ಮೇಲೆ ಹೊತ್ತು ಹೇಳುವ ಹೆಂಗಸರಿದ್ದಾರೆ, ನಮಗೆ ಅಷ್ಟು ಸಾಕು. ಅಜ್ಜ ಬೆಳಗಿನ ಜಾವ 4ಕ್ಕೆ ನೀರು ಕುಡಿಯಲು ಎದ್ದು ಫ್ಯಾನ್ ಕಡಿಮೆ ಮಾಡೆಂದರು ಎಂದು ಮೊಮ್ಮಗಳು ನೆನಪಿಸಿಕೊಂಡರೆ, ಲೆಕ್ಕ ರಾತ್ರಿ 10ರಿಂದಲ್ಲ, 4ರಿಂದ.